ಎಡ ಪೆಡಲಿನ ಉಲ್ಟಾ ತಿರುಪು

ಪೀಣ್ಯಕ್ಕೆ ಮೆಟ್ರೊ ಬಂದದ್ದು 2014ರಲ್ಲಿ. ಕಾರ್ಖಾನೆಗೆ ಹೋಗುವವರು ಅದಕ್ಕೂ ಬಹಳ ಮುಂಚೆಯೇ ಸೈಕಲ್ ಬಿಟ್ಟು ಬೈಕ್ ಹತ್ತಿದ್ದರು. ನಮ್ಮ ಶಾಲೆ ಹತ್ತಿರದ ಸೈಕಲ್ ಷಾಪ್ ಈಗ ಮುಚ್ಚುತ್ತಿದೆ. "ಮೇಷ್ಟ್ರೇ, ಸಂಜೆ ಗುಜರಿಯವನು ಬರ್ತಾನೆ. ಸ್ಕೂಲಿಗೆ ಬೇಕಾದ್ದು ಆರಿಸ್ಕೊಳ್ಳಿ" ಎಂದರು ಯಜಮಾನರು.

ಆರಿಸುವುದೇ ಕಷ್ಟವಾಯಿತು. ಜಿಡ್ಡು ಹಿಡಿದ ಡಬ್ಬಗಳ ತುಂಬ ಕಾಟರ್ ಪಿನ್ನು, ಕೋನು, ಬೇರಿಂಗ್ ಗುಂಡು. ಮುಂದೆ 44 ಹಲ್ಲು, ಹಿಂದಿನ ಫ್ರೀವೀಲಿಗೆ 18. ಪೆಡಲ್ ಒಂದು ಸುತ್ತಿದರೆ ಗಾಲಿ ಸುಮಾರು ಎರಡೂವರೆ ಸುತ್ತು. ಅನುಪಾತದ ಪಾಠಕ್ಕೆ ಇನ್ನೇನು ಬೇಕು? ಡೈನಮೋ ಬಿಚ್ಚಿದರೆ ಒಳಗೆ ತಿರುಗುವುದು ಅಯಸ್ಕಾಂತ, ತಂತಿಯ ಸುರುಳಿಯಲ್ಲ. ವಿದ್ಯುತ್ ಹುಟ್ಟಲು ಎರಡರಲ್ಲಿ ಯಾವುದು ತಿರುಗಿದರೂ ಆದೀತು.

ಹುಡುಗರು ಬೆರಗಾಗುವುದು ಮಾತ್ರ ಎಡ ಪೆಡಲಿಗೆ. ಅದರ ತಿರುಪು ಉಲ್ಟಾ, ಬಲಕ್ಕೆ ತಿರುಗಿಸಿದರೆ ಸಡಿಲ. ಮಾಮೂಲಿ ತಿರುಪಾಗಿದ್ದರೆ ತುಳಿಯುತ್ತ ತುಳಿಯುತ್ತ ತಾನೇ ಕಳಚಿಕೊಳ್ಳುತ್ತಿತ್ತು. ದೊಡ್ಡ ಬಳೆಯೊಳಗೆ ತುಸು ಚಿಕ್ಕ ಬಳೆಯನ್ನು ಅಂಚಿಗೊತ್ತಿ ಉರುಳಿಸಿ ನೋಡಿ. ಅದು ಸಾಗುವುದು ಒಂದು ಕಡೆ, ತಾನು ತಿರುಗುವುದು ಇನ್ನೊಂದು ಕಡೆ. ಕ್ರ್ಯಾಂಕಿನ ತೂತಿನಲ್ಲಿ ಪೆಡಲಿನ ಅಚ್ಚೂ ಹೀಗೇ ಕೂದಲೆಳೆಯಷ್ಟು ಹೊರಳುತ್ತದೆ.

ಯಜಮಾನರು ಇದನ್ನು ಕೇಳಿ ನಕ್ಕರು. "ಹಾಗೇ ಹಾಕ್ಬೇಕು ಅಂತ ಗೊತ್ತಿತ್ತು ಸಾರ್. ಯಾಕೆ ಅಂತ ಯಾರೂ ಹೇಳಿರಲಿಲ್ಲ."

ನನಗೆ ಗೊತ್ತಿಲ್ಲದ್ದು ಅವರ ಕೈಯಲ್ಲಿತ್ತು. ಗಾಲಿಯ ಬೆಂಡು ತೆಗೆಯುವುದನ್ನು ಒಂಬತ್ತನೇ ಕ್ಲಾಸಿನವರಿಗೆ ಬಂದು ತೋರಿಸಿ ಎಂದೆ. ಅವರು ಉತ್ತರ ಕೊಡಲಿಲ್ಲ. ಗುಜರಿಯ ರಾಶಿಯಿಂದ ಸ್ಪೋಕ್ ಬಿಗಿಯುವ ಚಾವಿಯನ್ನು ಹೆಕ್ಕಿ, ಒರೆಸಿ, ಜೇಬಿಗೆ ಹಾಕಿಕೊಂಡರು.