ಎರಡು ಗೂಟ, ಒಂದು ಗೆರೆ

ಟ್ರೇಲರಿನಿಂದ ದೋಣಿಯನ್ನು ನೀರಿಗಿಳಿಸುವುದು ಸುಲಭ. ತಿರುಗಿ ಹತ್ತಿಸುವುದೇ ಪೀಕಲಾಟ, ಏಕೆಂದರೆ ಅಷ್ಟರಲ್ಲಿ ಟ್ರೇಲರ್ ಕಣ್ಣಿಗೆ ಕಾಣುವುದಿಲ್ಲ. ಜೀಪನ್ನು ರಿವರ್ಸ್‌ನಲ್ಲಿ ದಡಕ್ಕಿಳಿಸಿ ಟ್ರೇಲರನ್ನು ಮುಳುಗಿಸಿರುತ್ತೇವೆ. ಮಳೆಗಾಲ ಮುಗಿದ ಹೊಸತರಲ್ಲಿ ಪಾನಶೇತದ ಹಿನ್ನೀರು ಕದಡಿದ್ದರಂತೂ ಮುಗಿಯಿತು, ಒಂದಡಿ ಆಳದ ಕಬ್ಬಿಣವೂ ಗೊತ್ತಾಗುವುದಿಲ್ಲ. ದೋಣಿ ನಡೆಸುವವನಿಗೆ ಕಾಣುವುದು ಜೀಪಿನ ಬೆನ್ನು ಮತ್ತು ವಿಂಚ್ ಕೂರಿಸಿದ ಮೋಟು ಕಂಬ. ಗಾಳಿ ಅಡ್ಡ ಬೀಸಿದರೆ ದೋಣಿ ಓರೆಯಾಗಿ ಬಂದು ಮಡ್‌ಗಾರ್ಡಿನ ಮೇಲೆ ಕೂರುತ್ತದೆ.

ಪುಣೆಯಲ್ಲಿರುವ ನಾವು ನಾಲ್ಕು ಜನ ಗೆಳೆಯರು ಸೇರಿ ಕೊಂಡ 14 ಅಡಿಯ ಹಳೆಯ ಫೈಬರ್ ದೋಣಿ ಇದು. ಇಷ್ಟು ದಿನ ನಮ್ಮಲ್ಲೊಬ್ಬರು ಸೊಂಟಮಟ್ಟ ನೀರಿನಲ್ಲಿ ನಿಂತು "ಎಡಕ್ಕೆ, ಎಡಕ್ಕೆ" ಎಂದು ಕೂಗುತ್ತ ದೋಣಿಯನ್ನು ಕೈಯಿಂದ ತಳ್ಳಿ ಸರಿಮಾಡುತ್ತಿದ್ದೆವು. ಒಂದು ಕಡೆ ಕಬ್ಬಿಣ, ಇನ್ನೊಂದು ಕಡೆ ಐದಾರು ಮಂದಿಯ ತೂಕದ ದೋಣಿ, ಅದರ ಹಿಂದೆ ತಿರುಗುವ ಪ್ರೊಪೆಲರ್. ನನಗೆ ಅದು ಎಂದೂ ಹಿಡಿಸಿರಲಿಲ್ಲ.

ದೋಣಿ ನಡೆಸುವುದು ಅಪ್ಪಯ್ಯ. ಮರವಂತೆಯಲ್ಲಿ ನಲವತ್ತು ವರ್ಷ ಮೀನು ಹಿಡಿದವರು, ಈಗ ಮೂರು ವರ್ಷದಿಂದ ನಮ್ಮ ಏಳನೇ ಮಹಡಿಯ ಫ್ಲ್ಯಾಟಿನಲ್ಲಿದ್ದಾರೆ. ವಾರವಿಡೀ ಟಿವಿ, ಲಿಫ್ಟ್, ವಾಚ್‌ಮನ್ ಜೊತೆ ಅರ್ಧಂಬರ್ಧ ಮರಾಠಿ. ಭಾನುವಾರ ಮಾತ್ರ ಅವರು ಹೇಳಿದ್ದನ್ನು ನಾವು ನಾಲ್ವರೂ ಕೇಳುತ್ತೇವೆ. ಕಳೆದ ವರ್ಷ ಕಣ್ಣಿನ ಡಾಕ್ಟರು ಗ್ಲಾಕೋಮಾ ಎಂದರು. ಎದುರಿಗಿರುವುದು ಚೆನ್ನಾಗಿಯೇ ಕಾಣುತ್ತದೆ, ಪಕ್ಕದ್ದು ಹೋಗಿದೆ. ಹೋದದ್ದು ಮರಳುವುದಿಲ್ಲ, ದಿನಾ ಹಾಕುವ ಹನಿಗಳು ಉಳಿದದ್ದನ್ನು ಕಾಯಲಿಕ್ಕೆ. ಮುಂಬೈಯಿಂದ ಅಣ್ಣ ಫೋನ್ ಮಾಡಿ, "ಇನ್ನು ಅಪ್ಪಯ್ಯನನ್ನು ದೋಣಿ ಹತ್ತಿಸಬೇಡ" ಎಂದ. ಅವನದು ತಪ್ಪು ಎನ್ನಲಾರೆ. ಅವರ ಪಕ್ಕ ಯಾವಾಗಲೂ ನಮ್ಮಲ್ಲೊಬ್ಬರು ಕೂರುವುದು, ನೀರಿನಲ್ಲಿ ಯಾರೂ ನಿಲ್ಲಬೇಕಾಗಿಲ್ಲದಂತೆ ಟ್ರೇಲರಿಗೆ ಗೈಡ್ ಪೋಸ್ಟ್ ಹಾಕುವುದು, ಇಷ್ಟು ಮಾಡಿ ಒಂದು ಸೀಸನ್ ನೋಡೋಣ ಎಂದೆ. ಅಣ್ಣ ಹೂಂ ಅನ್ನಲಿಲ್ಲ, ಊಹೂಂ ಎಂದೂ ಅನ್ನಲಿಲ್ಲ.

ಟ್ರೇಲರಿನ ಹಿಂತುದಿಯ ಎರಡು ಪಕ್ಕಗಳಲ್ಲಿ ನೀರಿನಿಂದ ಮೇಲೆ ಎದ್ದು ನಿಲ್ಲುವ ಕಂಬಗಳೇ ಗೈಡ್ ಪೋಸ್ಟ್. ಅಪ್ಪಯ್ಯ ಇಟ್ಟ ಹೆಸರು ಗೂಟ. ಕಂಬದ ಬದಲು ಪಕ್ಕದಲ್ಲಿ ಕಾರ್ಪೆಟ್ ಸುತ್ತಿದ ಮರದ ಹಲಗೆ ಕೂರಿಸುವುದೂ ಉಂಟು. ದೋಣಿಗೆ ಅದು ಮೆತ್ತಗೆ, ಆದರೆ ಹಲಗೆ ತಗ್ಗಿನಲ್ಲಿರುವುದರಿಂದ ಆಳಕ್ಕೆ ಹೋದಾಗ ಅದೂ ಮುಳುಗುತ್ತದೆ. ನಮಗೆ ಬೇಕಾದದ್ದು ಕಾಣುವ ವಸ್ತು. ಹೊರದೇಶದ ಕಿಟ್‌ಗಳ ಬೆಲೆ ನೋಡಿ, ಭವಾನಿ ಪೇಟೆಗೆ ಹೋಗಿ ಪ್ಲಂಬರ್ ಸಾಮಾನಿನಲ್ಲೇ ಮುಗಿಸಲು ನಿರ್ಧರಿಸಿದೆ.

ಅಲ್ಲಿ ಒಂದು ಮಜಾ ಇದೆ. ಒಂದಿಂಚಿನ ಜಿಐ ಪೈಪ್ ಎಂದರೆ ಒಂದಿಂಚು ಅದರ ಒಳಗಿನ ಲೆಕ್ಕ. ಹೊರಗೆ ಅಳೆದರೆ ಸುಮಾರು 34 ಮಿಲಿಮೀಟರ್. ಪಿವಿಸಿ ಪೈಪಿನದು ಹೊರಗಿನ ಲೆಕ್ಕ. 40 ಮಿಲಿಮೀಟರ್ ಎಂದು ಮಾರುವ ಪೈಪಿನ ಒಳಗೆ ಸುಮಾರು 36 ಇರುತ್ತದೆ. ಹಾಗಾಗಿ ಒಂದು ಇನ್ನೊಂದರ ಮೇಲೆ ಕೋಟು ಹಾಕಿದಂತೆ ಕೂರುತ್ತದೆ, ಸಡಿಲವಾಗಿ ತಿರುಗುತ್ತದೆ. ತಿರುಗಲೇಬೇಕು. ದೋಣಿಯ ಅಂಚು ತಾಗಿದಾಗ ಉಜ್ಜದೆ ಉರುಳಿ ಮುಂದೆ ಹೋಗುವುದು ಅದರಿಂದಲೇ. ಪೈಪನ್ನು ಎಲ್ ಆಕಾರಕ್ಕೆ ಬಗ್ಗಿಸಿಕೊಂಡು, ಅಡ್ಡ ಕೈಯನ್ನು ಟ್ರೇಲರಿನ ಹಿಂದಿನ ಅಡ್ಡಪಟ್ಟಿಗೆ ಎರಡೆರಡು ಯು-ಬೋಲ್ಟ್ ಹಾಕಿ ಬಿಗಿದೆ. ಒಂದೇ ಹಾಕಿದರೆ ನಾಲ್ಕಡಿ ಉದ್ದದ ಕಂಬ ಸನ್ನೆಗೋಲಾಗಿ ತಿರುಗಿಬಿಡುತ್ತದೆ. ವೆಲ್ಡಿಂಗ್‌ನವ, "ಸಾಹೇಬ್, ಐದು ನಿಮಿಷದಲ್ಲಿ ಜೋಡಿಸಿಕೊಡ್ತೇನೆ" ಎಂದ. ಬೇಡವೆಂದೆ. ಬೆಂಕಿ ತಾಗಿದಲ್ಲಿ ಸತುವಿನ ಲೇಪ ಸುಟ್ಟುಹೋಗಿ ತುಕ್ಕು ಅಲ್ಲಿಂದಲೇ ಶುರುವಾಗುತ್ತದೆ, ಆ ಹೊಗೆ ಕುಡಿದರೆ ಅವನಿಗೂ ಜ್ವರ.

ಅಂತರ ಇಡುವಾಗ ದೋಣಿಯ ಹಿಂಭಾಗವನ್ನು ಅಳೆದರೆ ಸಾಲದು. ನಮ್ಮ ದೋಣಿ ನಡುವಿನಲ್ಲಿ ಅಗಲ, 160 ಸೆಂಟಿಮೀಟರ್. ಆ ನಡುವೂ ಇವೆರಡು ಕಂಬಗಳನ್ನು ದಾಟಿಯೇ ಒಳಗೆ ಹೋಗಬೇಕಲ್ಲ. ಒಂದೊಂದು ಬದಿಗೆ ಮೂರೂವರೆ ಸೆಂಟಿಮೀಟರ್ ಬಿಟ್ಟು 167ಕ್ಕೆ ನಿಲ್ಲಿಸಿದೆ, ಎರಡೂ ಕಡೆ ನಡುವಿನ ರೋಲರಿನಿಂದಲೇ ಅಳೆದು. ಎತ್ತರವನ್ನು ನಿರ್ಧರಿಸುವುದು ದಡ. ಇಳಿಜಾರು ಕಡಿದಾದಷ್ಟೂ ಟ್ರೇಲರಿನ ಹಿಂತುದಿ ಆಳಕ್ಕೆ ಹೋಗುತ್ತದೆ, ಹಿನ್ನೀರಿನ ದಡವೋ ತಿಂಗಳಿಗೊಂದು. ಅತಿ ಕಡಿದಾದ ಜಾಗದಲ್ಲೂ ಒಂದೂವರೆ ಅಡಿ ಹೊರಗಿರಲಿ ಎಂದು ಲೆಕ್ಕ ಹಾಕಿದೆ. ಬಿಸಿಲಿನಲ್ಲಿ ನೀರು ಮಿನುಗಿದಾಗ ಬಿಳಿ ಪಿವಿಸಿ ಅದರಲ್ಲೇ ಕರಗುತ್ತದೆಂದು ಕಪ್ಪು-ಹಳದಿ ಪಟ್ಟಿ ಬಳಿದೆ.

ಮೊದಲ ಭಾನುವಾರ ದೂರದಿಂದ ದೋಣಿ ನೆಟ್ಟಗೆ ಬಂತು. ಹದಿನೈದು ಅಡಿ ಹತ್ತಿರ ಬಂದಾಗ ಅಪ್ಪಯ್ಯ ಎಂಜಿನ್ ನ್ಯೂಟ್ರಲ್ ಮಾಡಿ ತಲೆಯನ್ನು ಆಚೆಗೊಮ್ಮೆ ಈಚೆಗೊಮ್ಮೆ ತಿರುಗಿಸತೊಡಗಿದರು. ಹತ್ತಿರವಾದಂತೆ ಕಂಬಗಳೆರಡೂ ಪಕ್ಕಕ್ಕೆ ಸರಿಯುತ್ತವೆ. ಪಕ್ಕದ್ದೇ ಅವರಿಗೆ ಇಲ್ಲದ್ದು.

ದಡಕ್ಕೆ ಬಂದು ಚಹಾ ಕುಡಿಯುತ್ತ ಹೇಳಿದರು: "ಗೂಟ ಇರ್ಲಿ ಮಗಾ, ದೋಣಿ ಹಿಡಿಲಿಕ್ಕೆ ಬೇಕ್. ನಂಗೆ ಒಂದ್ ಗೆರೆ ಮಾಡಿಕೊಡು."

ಗಂಗೊಳ್ಳಿಯ ಅಳಿವೆಯಲ್ಲಿ ಮರಳದಿಣ್ಣೆ ತಪ್ಪಿಸಿ ಒಳಗೆ ಬರಲು ಅವರು ದಡದ ಎರಡು ಗುರುತು ಹಿಡಿಯುತ್ತಿದ್ದರಂತೆ. ಮುಂದೊಂದು, ಅದರ ಹಿಂದೆ ದೂರದಲ್ಲಿ ಎತ್ತರದ್ದೊಂದು. ಎರಡೂ ಒಂದರ ಮೇಲೊಂದು ಕೂತರೆ ದಾರಿ ಸರಿ. ಹಿಂದಿನದು ಬಲಕ್ಕೆ ಜಾರಿ ಕಂಡರೆ ನೀವೂ ಬಲಕ್ಕೆ ಸರಿದಿದ್ದೀರಿ. ಆ ಲೆಕ್ಕದಂತೆ ವಿಂಚ್ ಕಂಬಕ್ಕೆ ಒಂದು ಕೋಲು, ಅದರ ಹಿಂದೆ ಟ್ರೇಲರಿನ ಮೂಗಿನ ಹತ್ತಿರ ಇನ್ನೂ ಎತ್ತರದ್ದೊಂದು. ಎರಡನೆಯದನ್ನು ಜೀಪಿಗೇ ಕಟ್ಟೋಣ ಎಂದ ಗೆಳೆಯನಿಗೆ ಅಪ್ಪಯ್ಯ ಕೇಳಿದರು, "ಜೀಪ್ ಸೊಟ್ಟ ನಿಂತ್ರೆ?" ಅದಕ್ಕೆ ಉತ್ತರವಿರಲಿಲ್ಲ. ಟ್ರೇಲರಿಗೇ ತುಂಡು ಪೈಪು ಬಿಗಿದು, ಕೋಲನ್ನು ಅದರೊಳಗೆ ಇಳಿಸಿ ತೆಗೆಯುವಂತೆ ಮಾಡಿದೆವು. ಇಲ್ಲವಾದರೆ ತಿರುವಿನಲ್ಲಿ ಜೀಪಿನ ಬೆನ್ನಿಗೆ ಬಡಿಯುತ್ತದೆ.

ಅಲ್ಲಿಂದೀಚೆಗೆ ಆರು ಭಾನುವಾರ ನೀರಿನಲ್ಲಿ ಯಾರೂ ನಿಂತಿಲ್ಲ. ವಿಡಿಯೊ ನೋಡಿದ ಅಣ್ಣ, "ಎಂಜಿನ್ ಬಂದ್ ಮಾಡುವ ಹಗ್ಗ ಅಪ್ಪಯ್ಯನ ಕೈಗೆ ಕಟ್ಟಿದ್ದೀರಾ?" ಎಂದಷ್ಟೇ ಕೇಳಿದ. ಕಟ್ಟಿದ್ದೇವೆ. ನವೆಂಬರಿನಲ್ಲಿ ಇನ್ನೊಂದು ಫೀಲ್ಡ್ ಟೆಸ್ಟ್ ಇದೆ, ಅಣ್ಣನೂ ಬರುತ್ತಾನೆ. ಹೊಸ ಯು-ಬೋಲ್ಟ್ ಒಂದೆರಡು ಸಲ ಅಲುಗಿದ ಮೇಲೆ ಮತ್ತೆ ಬಿಗಿಯಬೇಕು. ಸ್ಪ್ಯಾನರ್ ಅಪ್ಪಯ್ಯನ ಹತ್ತಿರವೇ ಇದೆ.