ಹಾದಿಯ ಬಾಣಲೆಗೆ ಅಂಕ ಕೊಟ್ಟ ಕಥೆ

ಪ್ರವಾಸವೆಂದೊಡನೆ ನಮ್ಮ ಜನಕ್ಕೆ ಕೋಟೆಕೊತ್ತಲಗಳೂ ಗುಡಿಗೋಪುರಗಳೂ ನೆನಪಾಗುವುದು ಸಹಜ. ಆದರೆ ಊರಿಗೆ ಮರಳಿ, ಕಟ್ಟೆಯ ಮೇಲೆ ಕುಳಿತು ನೆರೆಯವರೊಡನೆ ಮಾತಿಗಾರಂಭಿಸಿದರೆ, ಗೋಪುರದ ಎತ್ತರಕ್ಕಿಂತ ಮೊದಲು ಬಾಯಿಗೆ ಬರುವ ವಾರ್ತೆಯೇ ಬೇರೆ: ಎಲ್ಲಿ ಚಹ ಚೆನ್ನಾಗಿತ್ತು, ಎಲ್ಲಿ ಚಟ್ನಿ ಹಳಸಿತ್ತು, ಯಾವ ಊರಿನ ವಡೆ ಕಲ್ಲಿನಂತಿತ್ತು! ಕಲಬುರಗಿಯ ಕೋಟೆಯೊಳಗಿನ ೧೩೬೭ರ ಜಾಮಿಯಾ ಮಸೀದಿಯನ್ನು ನೋಡಿಬಂದವರು ಕೂಡ, ಅದರ ಕಮಾನುಗಳನ್ನು ಎರಡು ಮಾತಿನಲ್ಲಿ ಮುಗಿಸಿ, ಸಂಜೆ ತಿಂದ ಮಿರ್ಚಿ ಭಜಿಯನ್ನು ಹತ್ತು ಮಾತಿನಲ್ಲಿ ವರ್ಣಿಸುವುದನ್ನು ನಾನು ಕೇಳಿದ್ದೇನೆ. ಇದರಲ್ಲಿ ನಾಚಿಕೆಪಡತಕ್ಕದ್ದೇನೂ ಇಲ್ಲ. ಹೊಟ್ಟೆಯೂ ಪ್ರವಾಸ ಮಾಡುತ್ತದೆಯಷ್ಟೆ!

ನಮ್ಮ ಮನೆಯಿರುವುದು ಕಲಬುರಗಿ ನಗರದ ಗಾಜಿಪುರದಲ್ಲಿ. ದಸರೆಯ ಬಿಡುವಿಗೆಂದು ಬೆಂಗಳೂರಿನಿಂದ ನನ್ನ ಮಗಳ ಮಗನು ಬಂದನು. ಅವನಿಗೆ ಹನ್ನೆರಡು ವರುಷ. ಬಂದವನು ಕೈಕಾಲು ತೊಳೆಯುವ ಮೊದಲೇ ಚೀಲದಿಂದ ಒಂದು ನೋಟುಪುಸ್ತಕವನ್ನು ತೆಗೆದು ನನ್ನ ಮುಂದೆ ಹಿಡಿದನು. ಪುಟಪುಟಕ್ಕೂ ಗೆರೆಯೆಳೆದು ನಾಲ್ಕು ಅಂಕಣಗಳನ್ನು ಮಾಡಿದ್ದನು: ರುಚಿ, ಎಣ್ಣೆ, ಶುಚಿ, ಬೆಲೆ. ಒಂದೊಂದಕ್ಕೆ ಹತ್ತು ಅಂಕ, ಒಟ್ಟು ನಲವತ್ತು. ತಂದೆತಾಯಿಗಳೊಡನೆ ಮೋಟಾರಿನಲ್ಲಿ ಬರುವಾಗ ಹೆದ್ದಾರಿಯ ಬದಿಯಲ್ಲಿ ಎಲ್ಲೆಲ್ಲಿ ಬರ್ಗರು ಮತ್ತು ಫ್ರೈಸುಗಳನ್ನು ತಿಂದನೋ ಅಲ್ಲೆಲ್ಲ ಪರೀಕ್ಷಕನಂತೆ ಅಂಕ ಹಾಕಿಕೊಂಡು ಬಂದಿದ್ದನು.

ಈ ತಿಂಡಿಗಳ ಪರಿಚಯವಿಲ್ಲದ ಹಿರಿಯ ವಾಚಕರಿಗಾಗಿ ಎರಡು ಮಾತು. ಬರ್ಗರೆಂದರೆ ದುಂಡನೆಯ ಮೆತ್ತನೆಯ ಬನ್ನನ್ನು ಸೀಳಿ, ನಡುವೆ ಬೇಯಿಸಿದ ಬಿಲ್ಲೆಯೊಂದನ್ನಿಟ್ಟುದು. ಜರ್ಮನಿಯ ಹ್ಯಾಂಬರ್ಗ್ ಪಟ್ಟಣದಿಂದ ಹೆಸರನ್ನು ಪಡೆದು, ಅಮೇರಿಕದಲ್ಲಿ ಬೆಳೆದು ದೊಡ್ಡದಾದ ತಿಂಡಿಯಿದು. ಅಲ್ಲಿ ಆ ಬಿಲ್ಲೆ ಗೋಮಾಂಸದ್ದು. ೧೯೯೬ರಲ್ಲಿ ಅಮೇರಿಕದ ಮ್ಯಾಕ್‌ಡೊನಾಲ್ಡ್ಸ್ ಸಂಸ್ಥೆಯು ಭಾರತಕ್ಕೆ ಬಂದಾಗ ಅದನ್ನು ಬಿಟ್ಟು, ಮುಂದೆ ಆಲೂಗಡ್ಡೆಯ ಟಿಕ್ಕಿಯನ್ನು ಬನ್ನಿನೊಳಗೆ ಕೂರಿಸಿತು. ಫ್ರೈಸುಗಳೆಂದರೆ ಉದ್ದುದ್ದ ಹೆಚ್ಚಿ ಎಣ್ಣೆಯಲ್ಲಿ ಕರಿದ ಆಲೂಗಡ್ಡೆ. ಇಷ್ಟು ಕೇಳಿದ ಕೂಡಲೆ ನನ್ನ ಮನೆಯವರು, "ಹಂಗಾದ್ರ ಇದು ನಮ್ಮ ವಡಾ-ಪಾವಿನ ತಮ್ಮನೇ ಅಲ್ಲೇನು?" ಎಂದರು. ಮಾತು ಸುಳ್ಳಲ್ಲ. ಆದರೆ ವಡಾ-ಪಾವೂ ಅಷ್ಟೇನು ಮುದುಕನಲ್ಲ. ೧೯೬೦ರ ದಶಕದಲ್ಲಿ ಮುಂಬಯಿಯ ದಾದರ ನಿಲ್ದಾಣದ ಬಳಿ ಅದು ಹೆಸರಾಯಿತೆಂದು ಹೇಳುವರು. ಪಾವೆಂಬ ಶಬ್ದವು ಪೋರ್ತುಗೀಜರದು. ಆಲೂಗಡ್ಡೆಯೂ ಹಸಿಮೆಣಸಿನಕಾಯಿಯೂ ಅಮೇರಿಕಾ ಖಂಡದಿಂದ ಕಡಲು ದಾಟಿ ಬಂದುವು. ನಮ್ಮದೆಂದು ಎದೆತಟ್ಟಿ ಹೇಳಬೇಕಾದರೆ ಉಳಿಯುವುದು ಕಡಲೆಯ ಹಿಟ್ಟೊಂದೇ!

ಇನ್ನು ಈ ಅಂಕಗಳ ಆಟವು ನಮಗೆ ಬರಿಯ ಆಟವಾಗಿ ಉಳಿಯಲಿಲ್ಲವೇಕೆಂಬುದನ್ನು ಹೇಳಬೇಕು. ಹಿಂದಿನ ವರ್ಷ ಒಂದು ಯಾತ್ರೆಯಿಂದ ಮರಳುವಾಗ, ಹಾದಿಯಲ್ಲಿ ದೀಪಗಳಿಂದ ಥಳಥಳಿಸುತ್ತಿದ್ದ ಉಪಾಹಾರಗೃಹವೊಂದರಲ್ಲಿ ಕರಿದ ತಿಂಡಿಯನ್ನು ತಿಂದು ನನ್ನ ಮನೆಯವರು ಹಾಸಿಗೆ ಹಿಡಿದರು. ಎಂಟು ದಿನದ ಮಾತೆಂದುಕೊಂಡದ್ದು ಎರಡು ತಿಂಗಳಾಯಿತು. ಅಂದಿನಿಂದ ಮಿರ್ಚಿ ಭಜಿಯೆಂಬುದು ಅವರ ಪಾಲಿಗೆ ಕಣ್ಣಿನ ಭೋಜನ ಮಾತ್ರವಾಗಿತ್ತು. ಈ ದಸರೆಯ ಹೊತ್ತಿಗೆ ವೈದ್ಯರು, "ಒಂದೆರಡು ತಿನ್ನಬಹುದು, ಎಣ್ಣೆ ಹೊಸದಾಗಿರಲಿ" ಎಂದು ಅಪ್ಪಣೆ ಕೊಟ್ಟಿದ್ದರು. ಕಮಲಾಪುರದ ನಂಟರ ಮನೆಗೆ ನಾನೂ ಮೊಮ್ಮಗನೂ ಹೊರಟು ನಿಂತಾಗ ಅವರು ಬಾಗಿಲವರೆಗೂ ಬಂದು, "ಬರೂಮುಂದ ಎರಡು ಮಿರ್ಚಿ ಭಜಿ ತರ್ರಿ. ಆದ್ರ ನೋಡಿ ತರ್ರಿ" ಎಂದು ಮೆಲ್ಲನೆ ಹೇಳಿದರು. ಆ 'ನೋಡಿ' ಎಂಬ ಒಂದು ಶಬ್ದದಿಂದ ಹುಡುಗನ ನೋಟುಪುಸ್ತಕಕ್ಕೆ ನ್ಯಾಯಾಲಯದ ತೂಕ ಬಂದಿತು.

ಕಮಲಾಪುರವು ಕಲಬುರಗಿಯಿಂದ ಹುಮನಾಬಾದದ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಮೂವತ್ತೈದು-ನಲವತ್ತು ಕಿಲೋಮೀಟರುಗಳ ದೂರದಲ್ಲಿದೆ. ೨೦೧೭ರ ಅಕ್ಟೋಬರದಲ್ಲಿ ಬೀದರ–ಕಲಬುರಗಿ ರೈಲುಮಾರ್ಗವು ಉದ್ಘಾಟನೆಯಾದ ಮೇಲೆ ರೈಲಿನಲ್ಲಿಯೂ ಹೋಗಬಹುದು. ಆದರೆ ರೈಲಿನಿಂದ ಹಾದಿಯ ಬಾಣಲೆಗಳು ಕಾಣಿಸವಾದುದರಿಂದ ನಾವು ಮೋಟಾರನ್ನೇ ಹಿಡಿದೆವು.

ಮೊದಲನೆಯ ಪರೀಕ್ಷೆ ನಗರದೊಳಗೇ ಆಯಿತು. ಗಾಜಿನ ಬಾಗಿಲಿನ ಅಂಗಡಿ. ಒಳಗೆ ತಂಪಾದ ಗಾಳಿ. ಫ್ರೈಸುಗಳು ಬಂದುವು. ಹೊರಗೆ ಗರಿಗರಿ, ಒಳಗೆ ಮೆತ್ತಗೆ, ತಪ್ಪು ಹುಡುಕುವಂತಿರಲಿಲ್ಲ. ಅದರ ಗುಟ್ಟನ್ನು ಮೊಮ್ಮಗನೇ ನನಗೆ ತಿಳಿಸಿದನು: ಆಲೂಗಡ್ಡೆಯನ್ನು ಮೊದಲು ಕಡಿಮೆ ಕಾವಿನ ಎಣ್ಣೆಯಲ್ಲಿ ಒಳಗೆಲ್ಲ ಬೇಯುವಂತೆ ಕರಿದು, ಆರಿಸಿ, ಎರಡನೆಯ ಸಲ ಹೆಚ್ಚಿನ ಕಾವಿನಲ್ಲಿ ಕರಿಯುತ್ತಾರೆ, ಆಗ ಮೇಲಿನ ನೀರಿನಂಶವು ಹೋಗಿ ತೊಗಟೆ ಗಟ್ಟಿಯಾಗುತ್ತದೆ. ಆದರೆ ಬರ್ಗರು? ಬನ್ನು ಒಣಗಿತ್ತು, ನಡುವಿನ ಬಿಲ್ಲೆ ಅಂಚಿನಲ್ಲಿ ಬಿಸಿ, ಮಧ್ಯದಲ್ಲಿ ತಣ್ಣಗೆ. ರುಚಿಗೆ ೫, ಎಣ್ಣೆಗೆ ೮, ಶುಚಿಗೆ ೯, ಬೆಲೆಗೆ ೩. "ಶುಚಿಯನ್ನೇ ತಿಂದು ಬದುಕುವಂತಿದ್ದರೆ ಇದೇ ಸ್ವರ್ಗ" ಎಂದು ನಾನು ನಕ್ಕೆನು.

ಊರ ಹೊರಗೆ ಬಂದೊಡನೆ ರಸ್ತೆಯ ಎರಡು ಕಡೆಗೂ ತೊಗರಿಯ ಹೊಲಗಳು ಹಸುರಾಗಿ ನಿಂತಿದ್ದುವು. ಈ ಸೀಮೆಯನ್ನು ತೊಗರಿಯ ಕಣಜವೆನ್ನುವುದು ಸುಮ್ಮನೆಯಲ್ಲ. ೨೦೧೯ರಲ್ಲಿ ಕಲಬುರಗಿಯ ತೊಗರಿಬೇಳೆಗೆ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆತಿದೆ. ಹಾದಿಯ ತಳ್ಳುಗಾಡಿಯೊಂದರಲ್ಲಿ ವಡಾ-ಪಾವನ್ನು ಕೊಂಡೆವು. ವಡೆಗಳನ್ನು ಕರಿದು ರಾಶಿ ಹಾಕಿದ್ದರು. ಬಿಸಿಯಾದುದನ್ನು ಒಂದರ ಮೇಲೊಂದು ಪೇರಿಸಿದರೆ ಅದರ ಹಬೆಯೇ ಅದನ್ನು ಮೆತ್ತಗೆ ಮಾಡುತ್ತದೆಂಬುದು ಮನೆಯ ಹೆಣ್ಣುಮಕ್ಕಳೆಲ್ಲರೂ ಬಲ್ಲ ಸಂಗತಿ. ಗಾಡಿಯ ತರುಣನಿಗೆ ಮಾತ್ರ ತಿಳಿದಿರಲಿಲ್ಲ. ಒಟ್ಟು ೨೧.

ಮಹಾಗಾಂವ ಕ್ರಾಸಿನಲ್ಲಿ ಸುಸಲಾ ಸಿಕ್ಕಿತು. ದಕ್ಷಿಣದ ಜಿಲ್ಲೆಗಳ ವಾಚಕರು ಇದನ್ನು ಅರಿಯದಿರಬಹುದು. ಚುರಮುರಿಯನ್ನು ನೀರಿನಲ್ಲಿ ಅದ್ದಿ, ಹಿಂಡಿ, ಉಳ್ಳಾಗಡ್ಡಿ ಹಸಿಮೆಣಸಿನಕಾಯಿ ಅರಿಸಿನಗಳ ಒಗ್ಗರಣೆಯಲ್ಲಿ ಕಲಸಿ, ಮೇಲೆ ಪುಟಾಣಿಯ ಹಿಟ್ಟನ್ನು ಉದುರಿಸಿದರೆ ಸುಸಲಾ ಆಯಿತು. ಪಕ್ಕದಲ್ಲೊಂದು ಮಿರ್ಚಿ ಭಜಿಯಿದ್ದರೆ ಊಟವೇ ಬೇಡ. ಸುಸಲಾಕ್ಕೆ ರುಚಿಯಲ್ಲಿ ೮ ಬಂದಿತು. ಆದರೆ ಭಜಿಯನ್ನು ಹಳೆಯ ವರ್ತಮಾನಪತ್ರಿಕೆಯ ಹಾಳೆಯಲ್ಲಿ ಕೊಟ್ಟದ್ದರಿಂದ ಶುಚಿಗೆ ೨ ಮಾತ್ರ. ಅಚ್ಚಿನ ಮಸಿ ಬಿಸಿ ಎಣ್ಣೆಗೆ ಅಂಟಿ ಹೊಟ್ಟೆ ಸೇರುವುದರಿಂದ ಹಾಗೆ ಕಟ್ಟಿಕೊಡುವುದನ್ನು ೨೦೧೮ರ ನಿಯಮಗಳು ನಿಷೇಧಿಸಿವೆ.

ಇಲ್ಲಿ ಎಣ್ಣೆಯ ವಿಚಾರವಾಗಿ ಗೃಹಸ್ಥರು ತಿಳಿಯತಕ್ಕದ್ದೊಂದುಂಟು. ಒಂದೇ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿದರೆ ಅದು ಒಡೆದು, ಅದರಲ್ಲಿ 'ಪೋಲಾರ್ ಸಂಯುಕ್ತ'ಗಳೆಂಬ ಕೆಡುಕಿನ ಪದಾರ್ಥಗಳು ಹೆಚ್ಚುತ್ತವೆ. ಇವು ನೂರಕ್ಕೆ ೨೫ನ್ನು ಮೀರಿದರೆ ಆ ಎಣ್ಣೆಯನ್ನು ಅಡಿಗೆಗೆ ಉಪಯೋಗಿಸಕೂಡದೆಂಬ ನಿಯಮವು ೨೦೧೮ರ ಜುಲೈ ೧ರಿಂದ ದೇಶದಲ್ಲೆಲ್ಲ ಜಾರಿಯಲ್ಲಿದೆ. ಗಿರಾಕಿಯು ಯಂತ್ರವನ್ನು ಹೊತ್ತು ತಿರುಗಲಾರನು; ಆದರೆ ಕಣ್ಣು ಮೂಗುಗಳಿವೆಯಲ್ಲ! ಎಣ್ಣೆ ಕಪ್ಪಾಗಿ ದಪ್ಪವಾಗಿದ್ದರೆ, ನೊರೆಯೆದ್ದು ಅಡಗದಿದ್ದರೆ, ಬಾಣಲೆಯ ಅಂಚಿಗೆ ಅಂಟಂಟಾಗಿ ಹತ್ತಿಕೊಂಡಿದ್ದರೆ, ಬೇಗನೆ ಹೊಗೆಯಾಡಿ ಕಮಟು ನಾತ ಬಂದರೆ, ಅಲ್ಲಿ ಚಹ ಮಾತ್ರ ಕುಡಿದು ಮುಂದೆ ಸಾಗುವುದು ಮೇಲು. ಹಾಗೆಯೇ ಕಣ್ಣು ಕುಕ್ಕುವ ಕೆಂಪು ತಿಂಡಿಯನ್ನೂ ನಂಬಲಾಗದು. ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ೨೦೨೪ರ ಮಾರ್ಚಿಯಲ್ಲಿ ಕರ್ನಾಟಕ ಸರಕಾರವು ನಿಷೇಧಿಸಿತು.

ಕಮಲಾಪುರ ಮುಟ್ಟಿದಾಗ ಬಿಸಿಲು ಇಳಿದಿತ್ತು. ರಸ್ತೆಯ ಅಂಚಿನಲ್ಲಿ ತಗಡಿನ ನೆರಳು, ಒಂದು ಒಲೆ, ಒಂದು ಬಾಣಲೆ, ಒಬ್ಬ ಮುದುಕಿ. "ಬರ್ರಿ ಅಣ್ಣಾರ, ಕುಂಡ್ರರಿ. ಈಗೇ ಹಾಕಿಕೊಡ್ತೀನಿ" ಎಂದಳು. ಹೇಳಿದಂತೆಯೇ, ನಾವು ಕುಳಿತ ಮೇಲೆ ಮೆಣಸಿನಕಾಯಿಗಳನ್ನು ಸೀಳಿ, ಒಳಗೆ ಉಪ್ಪು ಓಮಗಳನ್ನು ತೀಡಿ, ಹಿಟ್ಟಿನಲ್ಲಿ ಅದ್ದಿ ಬಾಣಲೆಗೆ ಬಿಟ್ಟಳು. ಆ ಭಜಿಯ ರುಚಿಯನ್ನು ಹೇಗೆ ಹೇಳಲಿ? ಮೇಲೆ ಕರುಂ ಎಂದಿತು. ಒಳಗೆ ಮೆಣಸಿನಕಾಯಿ ಬೆಂದು ಖಾರವು ಸೌಮ್ಯವಾಗಿತ್ತು. ಮನೆಗೆ ಒಯ್ಯಬೇಕಾದದ್ದು ಇದೇ ಎಂದು ನಾನು ನಿಶ್ಚಯಿಸಿದೆನು. ಅಷ್ಟರಲ್ಲಿ ಮೊಮ್ಮಗನು ನನ್ನ ಅಂಗಿಯ ತೋಳನ್ನು ಎಳೆದು, "ಮುತ್ಯಾ, ಎಣ್ಣೆ ಕಪ್ಪಗಿದೆ" ಎಂದು ಪಿಸುಗುಟ್ಟಿದನು.

ನೋಡಿದೆನು. ನಿಜವಾಗಿಯೂ ಕಪ್ಪಗಿತ್ತು. ಅವನು ರುಚಿಗೆ ೯ ಎಂದು ಬರೆದು, ಎಣ್ಣೆಗೆ ೩ ಎಂದು ಬರೆದನು. "ಬಡಮುದುಕಿ, ಐದಾದರೂ ಮಾಡು" ಎಂದೆನು. "ಅಜ್ಜಿಗೆ ಹೊಟ್ಟೆ ಕೆಟ್ಟರೆ ಆ ಎರಡು ಅಂಕ ವಾಸಿ ಮಾಡುತ್ತದೆಯೇ?" ಎಂದು ಅವನು ಕೇಳಿದನು. ಉತ್ತರ ತೋಚಲಿಲ್ಲ. ಮೂವತ್ತು ವರ್ಷ ಮಾಸ್ತರಿಕೆ ಮಾಡಿದ ನಾನು ಎಷ್ಟು ಹುಡುಗರಿಗೆ ಮರುಕದಿಂದ ಅಂಕ ಕೂಡಿಸಿ, ಮುಂದಿನ ತರಗತಿಯಲ್ಲಿ ಅವರು ಎಡವುವಂತೆ ಮಾಡಿದ್ದೆನೋ!

ನಮ್ಮ ಗುಸುಗುಸು ಮುದುಕಿಯ ಕಿವಿಗೆ ಬಿದ್ದಿತು. "ಏನ್ ಬರೀಲಕತ್ತೀ ತಮ್ಮಾ?" ಎಂದಳು. ಹುಡುಗನು ಅಂಜದೆ ಓದಿ ಹೇಳಿದನು. ನಾನು ತಲೆ ತಗ್ಗಿಸಿದೆನು. ಆಕೆ ಸಿಟ್ಟಾಗಲಿಲ್ಲ, ತೂತಿನ ಸೌಟನ್ನು ಅಂಚಿಗೆ ತಟ್ಟಿ, ಸ್ವಲ್ಪ ಹೊತ್ತು ಸುಮ್ಮನಿದ್ದು, "ಖರೇ ಅದಪ್ಪಾ. ನಿನ್ನಿ ಎಣ್ಣಿಗೇ ಇವತ್ತ ಹೊಸಾದು ಕೂಡಿಸೀನಿ. ಚೆಲ್ಲಿದ್ರ ದಿನದ ಗಳಿಕಿ ಎಲ್ಲಾ ಎಣ್ಣ್ಯಾಗೇ ಹೋಗ್ತದ" ಎಂದಳು. ಮನೆಯವರ ಸಂಗತಿಯನ್ನು ನಾನು ತಿಳಿಸಲು, "ಹಂಗಿದ್ರ ಇದ್ರಾಗಿಂದು ಒಯ್ಯಬ್ಯಾಡ್ರಿ ಅಣ್ಣಾರ. ಹೆಂಗ ಮಾಡೂದು ಹೇಳ್ತೀನಿ, ಮನ್ಯಾಗ ಮಾಡಿ ತಿನಸ್ರಿ" ಎಂದು, ತನ್ನ ಬುಟ್ಟಿಯಿಂದ ಎಂಟು ಎಳೆಯ ಮೆಣಸಿನಕಾಯಿಗಳನ್ನು ಆರಿಸಿ ಕೊಟ್ಟಳು. ತನ್ನ ಸರಕನ್ನು ತಾನೇ ಬೇಡವೆಂದ ವ್ಯಾಪಾರಿಯನ್ನು ಈ ವಯಸ್ಸಿನಲ್ಲಿ ಮೊದಲ ಬಾರಿಗೆ ಕಂಡೆನು.

ಆಕೆ ಹೇಳಿದ ಕ್ರಮವಿದು. ಕಡಲೆಹಿಟ್ಟಿಗೆ ಉಪ್ಪು, ಓಮ, ಚಿಟಿಕೆ ಸೋಡಾ ಹಾಕಿ, ಬೆರಳಿಗೆ ಹತ್ತಿ ನಿಲ್ಲುವಷ್ಟು ಗಟ್ಟಿಯಾಗಿ ಕಲಸಬೇಕು. ನೀಳವಾದ, ತೆಳುಹಸುರಿನ, ಕಡಿಮೆ ಖಾರದ ಮೆಣಸಿನಕಾಯಿಯೇ ಆಗಬೇಕು. ಒಂದು ಹನಿ ಹಿಟ್ಟನ್ನು ಬಿಟ್ಟರೆ ಅದು ತಳಕ್ಕೆ ಹೋಗಿ ಕೂಡಲೇ ಮೇಲಕ್ಕೆ ತೇಲಿಬಂದರೆ ಎಣ್ಣೆಯ ಕಾವು ಸರಿ. ಸಣ್ಣ ಬಾಣಲೆಯಲ್ಲಿ ಸ್ವಲ್ಪವೇ ಎಣ್ಣೆಯನ್ನಿಟ್ಟು ಎರಡೆರಡಾಗಿ ಕರಿಯಬೇಕು. "ಎರಡು ಭಜಿಗಿ ಕೆರಿಯಷ್ಟು ಎಣ್ಣಿ ಯಾಕ?" ಎಂದು ಆಕೆ ನಕ್ಕಳು. ನಕ್ಕವಳು ತನ್ನ ದೊಡ್ಡ ಬಾಣಲೆಯ ಕಡೆಗೂ ಒಮ್ಮೆ ನೋಡಿದಳು.

ಏಳುವಾಗ ಹುಡುಗನು ಮೆತ್ತಗಾಗಿ, "ಆಯಿ, ಮೂರನ್ನು ಅಳಿಸಲೇ?" ಎಂದು ಕೇಳಿದನು. "ಅಳಿಸಬ್ಯಾಡ. ಮುಂದಿನ ಸಲ ಬಂದಾಗ ನೋಡಿ ಬರಿ" ಎಂದಳು.

ನಂಟರ ಮನೆಯನ್ನು ಮುಗಿಸಿಕೊಂಡು, ಕಮಲಾಪುರದ ಹೆಸರಾದ ಕೆಂಬಾಳೆಯ ಹಣ್ಣಿನ ಒಂದು ಚಿಪ್ಪನ್ನು ಕಟ್ಟಿಸಿಕೊಂಡು, ರಾತ್ರಿಯ ಹೊತ್ತಿಗೆ ಗಾಜಿಪುರಕ್ಕೆ ಮರಳಿದೆವು. ಬರಿಗೈಯನ್ನು ಕಂಡು ಮನೆಯವರ ಮುಖ ಸಣ್ಣದಾಯಿತು. ಮೆಣಸಿನಕಾಯಿಗಳನ್ನು ಮುಂದಿಟ್ಟು ನಡೆದುದನ್ನೆಲ್ಲ ಹೇಳಿದೆನು. ಆಮೇಲೆ ಅವರನ್ನು ಮಣೆಯ ಮೇಲೆ ಕೂರಿಸಿ, ಹೊಸ ಎಣ್ಣೆಯ ಪಾಕೀಟನ್ನು ಒಡೆದು, ಮದುವೆಯಾಗಿ ನಲವತ್ತು ವರ್ಷಗಳ ತರುವಾಯ ಮೊದಲ ಸಲ ನಾನು ಬಾಣಲೆಯ ಮುಂದೆ ನಿಂತೆನು. ಮೊದಲನೆಯ ಭಜಿ ಹಿಟ್ಟನ್ನೆಲ್ಲ ಬಿಟ್ಟುಕೊಟ್ಟು ಬೆತ್ತಲೆಯಾಯಿತು, ಎರಡನೆಯದು ಕರಿಕಾಯಿತು, ಮೂರನೆಯದು ಭಜಿಯಂತೆ ಕಂಡಿತು.

ಅವರು ಒಂದೂವರೆ ತಿಂದರು. ರಾತ್ರಿ ಸುಖವಾಗಿ ನಿದ್ರಿಸಿದರು. ಮರುದಿನ ಬೆಳಿಗ್ಗೆ ಮೊಮ್ಮಗನು ನೋಟುಪುಸ್ತಕವನ್ನು ಹಿಡಿದು ಅಂಕ ಕೇಳಿದಾಗ, ಎಣ್ಣೆಗೆ ೧೦, ಶುಚಿಗೆ ೭, ರುಚಿಗೆ ೪ ಎಂದು ಬರೆಯಿಸಿದರು. "ಉಪ್ಪು ಮರ್ತಾರ ನಿಮ್ಮ ಮುತ್ಯಾ" ಎಂದರು. ಬೆಲೆಯ ಅಂಕಣವನ್ನು ಮಾತ್ರ ತುಂಬಬೇಡವೆಂದರು.

ಪ್ರಿಯ ವಾಚಕರೇ, ನೀವೂ ಹಾದಿಯಲ್ಲಿ ತಿನ್ನುವಿರಿ. ತಿಂದುದಕ್ಕೆ ಮನಸ್ಸಿನಲ್ಲಿಯಾದರೂ ಅಂಕ ಹಾಕುವಿರಿ. ನನ್ನ ಬಿನ್ನಹವಿಷ್ಟೆ: ಆ ಅಂಕವನ್ನು ಊರಿಗೆಲ್ಲ ಸಾರುವ ಮೊದಲು ಒಮ್ಮೆ ಬಾಣಲೆಯ ಮುಂದೆ ನಿಂತವರಿಗೆ ಹೇಳಿನೋಡಿರಿ. ಹೇಳುವಾಗ ಕಡಿಮೆ ಮಾಡಬೇಡಿರಿ, ಕೂಡಿಸಲೂಬೇಡಿರಿ. ಕಮಲಾಪುರದ ಪುಟದಲ್ಲಿ ಆ ಮೂರು ಹಾಗೆಯೇ ಇದೆ. ಅದರ ಪಕ್ಕದಲ್ಲಿ ಹುಡುಗನು ಒಂದಂಗುಲದಷ್ಟು ಜಾಗವನ್ನು ಖಾಲಿ ಬಿಟ್ಟಿದ್ದಾನೆ. ಬೇಸಗೆಯ ಬಿಡುವಿನಲ್ಲಿ ಮತ್ತೆ ಹೋಗಬೇಕು.