ಬೆಲ್ಲದ ವಿಡಿಯೊದಲ್ಲಿ ನಾನು ಕತ್ತರಿಸಿದ್ದು

ಬಿ.ಇಡಿ. ಬೋಧನಾಭ್ಯಾಸದಲ್ಲಿ ನಾನು ಅತಿ ಹೆಚ್ಚು ಸಿದ್ಧತೆ ಮಾಡಿಕೊಂಡು ಹೋದ ಪಾಠವೇ ಅತಿ ಹೆಚ್ಚು ಕೆಟ್ಟಿತು. ಅದು ಆರನೆಯ ತರಗತಿಯ ವಿಜ್ಞಾನ ಪಾಠ. ವಿಷಯ, ಪದಾರ್ಥಗಳನ್ನು ಬೇರ್ಪಡಿಸುವ ವಿಧಾನಗಳು. ಕೆಟ್ಟ ಪಾಠದ ಬಗ್ಗೆ ಬರೆಯಲು ಮುಜುಗರವಾಗುತ್ತದೆ. ಆದರೂ ಮುಂದಿನ ತಂಡದ ಪ್ರಶಿಕ್ಷಣಾರ್ಥಿಗಳೆಲ್ಲ ಫೋನು, ಲ್ಯಾಪ್‌ಟಾಪ್ ಹಿಡಿದೇ ಶಾಲೆಗೆ ಹೋಗುವವರು. ಅವರಿಗೆ ಉಪಯೋಗವಾಗಲೆಂದು ಬರೆಯುತ್ತಿದ್ದೇನೆ.

ನನಗೆ ಹಂಚಿಕೆಯಾದ ಶಾಲೆ ನನ್ನೂರು ರನ್ನ ಬೆಳಗಲಿಯಲ್ಲೇ ಇತ್ತು. ಮುಧೋಳ ತಾಲ್ಲೂಕಿನ ಈ ಭಾಗ ಕಬ್ಬಿನ ಸೀಮೆ. ಹತ್ತಿರದ ಮಹಾಲಿಂಗಪುರದ ಬೆಲ್ಲದ ಪೇಟೆ ಹೆಸರಾದದ್ದು. ಆವಿಯಾಗುವಿಕೆಗೆ ನಾವು ಸಾಮಾನ್ಯವಾಗಿ ಕೊಡುವ ಉದಾಹರಣೆ ಸಮುದ್ರದ ನೀರಿನಿಂದ ಉಪ್ಪು ತೆಗೆಯುವುದು. ನಮ್ಮ ಮಕ್ಕಳು ಸಮುದ್ರ ಕಂಡವರಲ್ಲ; ಗಾಣ ಕಂಡವರು. ಕಬ್ಬಿನ ಹಾಲನ್ನು ಸೋಸುತ್ತಾರೆ, ಕಾಯಿಸಿ ನೀರನ್ನು ಆವಿ ಮಾಡುತ್ತಾರೆ, ಮೇಲೆ ಬಂದ ಕೊಳೆಯನ್ನು ಜಾಲಿಸಿ ತೆಗೆಯುತ್ತಾರೆ. ಬೇರ್ಪಡಿಸುವ ಮೂರು ವಿಧಾನ ಒಂದೇ ಕಡೆ ಸಿಗುವಾಗ ಸಮುದ್ರಕ್ಕೆ ಏಕೆ ಹೋಗಬೇಕು ಎಂದುಕೊಂಡೆ.

ಅದಕ್ಕೆ ಬೇಕಾದ ವಿಡಿಯೊ ನನ್ನ ಫೋನಿನಲ್ಲೇ ಇತ್ತು. ಎಳ್ಳ ಅಮಾವಾಸ್ಯೆಗೆ ಮನೆಮಂದಿಯೆಲ್ಲ ಚರಗ ಚೆಲ್ಲಲು ಸೋದರಮಾವನ ಹೊಲಕ್ಕೆ ಹೋಗಿದ್ದೆವು. ಊಟ ಮುಗಿಸಿ ಅವರ ಗಾಣಕ್ಕೆ ಹೋದಾಗ ಸುಮ್ಮನೆ ಚಿತ್ರೀಕರಿಸಿದ ತುಣುಕುಗಳವು. ಒಟ್ಟು ಒಂಬತ್ತು, ಎಲ್ಲ ಸೇರಿ 22 ನಿಮಿಷ. ನಡುನಡುವೆ ಅವ್ವನ ಮಾತು, ತಮ್ಮನ ಕುಣಿತ, ಕ್ಯಾಮೆರಾಕ್ಕೆ ಅಡ್ಡ ಬಂದ ಅತ್ತೆಯ ಸೆರಗು.

ಅಣ್ಣನ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ 10 ಇತ್ತು. ಹಿಂದೆ ಇಂಥ ಕೆಲಸಕ್ಕೆ ಎಲ್ಲರೂ ಬಳಸುತ್ತಿದ್ದ ಮೂವಿ ಮೇಕರ್ 2017ರ ಜನವರಿಯಲ್ಲಿ ನಿಂತುಹೋಗಿತ್ತು. ಆದರೆ ಅದೇ ವರ್ಷ ವಿಂಡೋಸ್‌ನ ಫೋಟೋಸ್ ಎಂಬ ತಂತ್ರಾಂಶದೊಳಗೇ ವಿಡಿಯೊ ಜೋಡಿಸುವ ವ್ಯವಸ್ಥೆ ಬಂತು. ಆಗ ಹೊಸದಾಗಿ ಏನನ್ನೂ ಹಾಕಿಕೊಳ್ಳಬೇಕಿರಲಿಲ್ಲ, ಹಣ ಕೊಡಬೇಕಿರಲಿಲ್ಲ. ಫೋನಿನಿಂದ ಕೇಬಲ್ ಮೂಲಕ ತುಣುಕುಗಳನ್ನು ಇಳಿಸಿಕೊಂಡು, ಹೊಸ ವಿಡಿಯೊ ಪ್ರಾಜೆಕ್ಟ್ ತೆರೆದು, ಕೆಳಗಿನ ಸ್ಟೋರಿಬೋರ್ಡ್ ಪಟ್ಟಿಗೆ ಒಂದೊಂದಾಗಿ ಎಳೆದು ಹಾಕಿದರಾಯಿತು. ಟ್ರಿಮ್ ಒತ್ತಿದರೆ ತುಣುಕಿನ ಎರಡು ತುದಿಗಳಲ್ಲಿ ಹಿಡಿಕೆ ಬರುತ್ತವೆ. ಅವನ್ನು ಒಳಕ್ಕೆ ಸರಿಸಿದಷ್ಟು ಭಾಗ ಹೋಗುತ್ತದೆ. ಧ್ವನಿ ಬೇಡವಾದರೆ ಆ ತುಣುಕಿನ ಧ್ವನಿಯನ್ನು ಸೊನ್ನೆಗೆ ಇಳಿಸಬಹುದು. ಶೀರ್ಷಿಕೆಗೆ ನಾನೊಂದು ಸುಲಭ ಉಪಾಯ ಕಂಡುಕೊಂಡೆ. 'ಸೋಸುವಿಕೆ', 'ಆವಿಯಾಗುವಿಕೆ' ಎಂದು ಕಪ್ಪುಹಲಗೆಯ ಮೇಲೆ ಬರೆದು ಫೋಟೋ ತೆಗೆದು ತುಣುಕುಗಳ ನಡುವೆ ಸೇರಿಸಿದೆ. ಫೋಟೋ ತಾನಾಗಿ 3 ಸೆಕೆಂಡು ನಿಲ್ಲುತ್ತದೆ, ಬೇಕಾದರೆ ಹೆಚ್ಚಿಸಬಹುದು.

ಎರಡು ರಾತ್ರಿ ಕುಳಿತು 22 ನಿಮಿಷವನ್ನು 2 ನಿಮಿಷ 50 ಸೆಕೆಂಡಿಗೆ ಇಳಿಸಿದೆ. ಅವ್ವ, ತಮ್ಮ, ಅತ್ತೆ ಹೋದರು, ಅದು ಸರಿಯೇ. ಒಲೆಯ ಬಾಯಿಯ ಮುಂದೆ ಕುಳಿತು ಒಬ್ಬರು ಒಣಗಿದ ಕಬ್ಬಿನ ಸಿಪ್ಪೆಯನ್ನು ಉರಿಗೆ ತಳ್ಳುತ್ತಿದ್ದ 40 ಸೆಕೆಂಡಿನ ತುಣುಕೊಂದಿತ್ತು. ಹೊಗೆ ತುಂಬಿ ಚಿತ್ರ ಮಬ್ಬಾಗಿತ್ತು. ನೋಡಲು ಚೆನ್ನಾಗಿಲ್ಲವೆಂದು ಅದನ್ನೂ ತೆಗೆದೆ. ಕಡಾಯಿಯಲ್ಲಿ ಹಾಲು ಸುಮ್ಮನೆ ಕುದಿಯುತ್ತಿದ್ದ ಉದ್ದನೆಯ ಭಾಗವನ್ನೂ ಕತ್ತರಿಸಿದೆ. ಕೊನೆಗೆ ಹಿನ್ನೆಲೆ ಸಂಗೀತ ಸೇರಿಸಿದೆ.

ತರಗತಿಯಲ್ಲಿ ವಿಡಿಯೊ ಓಡಿತು. ಕಬ್ಬು ಗಾಣಕ್ಕೆ ಹೋಯಿತು, ಹಾಲು ಬಂತು, ಕಡಾಯಿಯಲ್ಲಿ ನೊರೆ ಎದ್ದಿತು, ಬೆಲ್ಲದ ಪೆಂಟೆಗಳು ಸಾಲಾಗಿ ಕುಳಿತವು. ಮಕ್ಕಳು ಚಪ್ಪಾಳೆ ಹೊಡೆದರು. ನನಗೂ ಹಿಗ್ಗು. ಆಗ ಕೊನೆಯ ಸಾಲಿನ ಒಬ್ಬ ಹುಡುಗ ಎದ್ದು ನಿಂತ.

“ಅಕ್ಕೋರ, ಉರಿ ಹಾಕೂದ ಯಾಕ ತೋರಿಸ್ಲಿಲ್ರೀ? ನಮ್ಮಪ್ಪ ಅಲ್ಲೇ ಕುಂದ್ರತಾನ್ರೀ.”

ನಾನು ಕತ್ತರಿಸಿದ್ದ ಆ 40 ಸೆಕೆಂಡಿನಲ್ಲಿ ಇದ್ದವರು ಅವನ ತಂದೆ. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಸಮಯ ಬೇರೆ ಮೀರುತ್ತಿತ್ತು. “ಅದು ಈ ಪಾಠಕ್ಕ ಬೇಕಾಗಿಲ್ಲಪಾ, ಕುಂದ್ರು” ಎಂದುಬಿಟ್ಟೆ. ಅವನು ಕುಳಿತ. ಮುಂದಿನ ಅರ್ಧ ಗಂಟೆ ಒಂದು ಪ್ರಶ್ನೆಗೂ ಅವನು ಕೈ ಎತ್ತಲಿಲ್ಲ. ಮೌಲ್ಯಮಾಪನದ ಹಂತದಲ್ಲಿ “ಹಾಲಿನಲ್ಲಿದ್ದ ನೀರು ಹೇಗೆ ಹೋಯಿತು?” ಎಂದು ಕೇಳಿದೆ. “ತಾನ ಹೋತ್ರೀ” ಎಂದಳು ಒಬ್ಬಳು. “ಎಷ್ಟು ಹೊತ್ತು ಬೇಕು?” ಎಂದಾಗ ಇನ್ನೊಬ್ಬ “ಎರಡ ನಿಮಿಷ್ರೀ” ಎಂದ. ಗಾಣವಿರುವ ಊರಿನ ಮಕ್ಕಳು, ನನ್ನ ವಿಡಿಯೊ ನೋಡಿದ ಮೇಲೆ ಕೊಟ್ಟ ಉತ್ತರವಿದು.

ಹಿಂದೆ ಕುಳಿತು ಅವಲೋಕಿಸಿದ ಮಾರ್ಗದರ್ಶಕ ಶಿಕ್ಷಕರು ನಮ್ಮೂರಿನ ಹಿರಿಯರೇ. ಪಾಠ ಮುಗಿದ ಮೇಲೆ ಹತ್ತಿರ ಕರೆದು ಹೇಳಿದರು: “ನೋಡವಾ ತಂಗಿ, ನೀ ಕಲಸಾಕ ಹೋಗಿದ್ದು ಆವಿ ಆಗೂದನ್ನ. ಉರೀನ ತಗದ್ರ ಆವಿ ಎಲ್ಲಿಂದ ಬರತೈತಿ?”

ಅಂದು ರಾತ್ರಿ ನಿದ್ದೆ ಬರಲಿಲ್ಲ. ಹುಡುಗನ ಮನಸ್ಸು ನೋಯಿಸಿದ್ದು ಒಂದು ತಪ್ಪು, ವಿಜ್ಞಾನ ತಪ್ಪಿದ್ದು ಇನ್ನೊಂದು ಎಂದು ಮೊದಲು ಎರಡಾಗಿ ಎಣಿಸುತ್ತಿದ್ದೆ. ಯೋಚಿಸಿದಷ್ಟೂ ಎರಡೂ ಒಂದೇ ಎನಿಸಿತು. ಹೊಗೆಯಲ್ಲಿ ಕುಳಿತ ಮನುಷ್ಯ ನೋಟಕ್ಕೆ ಚೆನ್ನಾಗಿಲ್ಲವೆಂದು ತೆಗೆದಾಗ ಶಾಖವೂ ಅವನ ಜೊತೆಗೇ ಹೋಯಿತು. ಕುದಿತ ಬೇಸರವೆಂದು ತೆಗೆದಾಗ ಕಾಲ ಹೋಯಿತು. ಕಬ್ಬಿನ ಹಾಲಿನಲ್ಲಿ ಹೆಚ್ಚುಕಡಿಮೆ ಐದರಲ್ಲಿ ನಾಲ್ಕು ಪಾಲು ನೀರೇ. ಆ ನೀರನ್ನೆಲ್ಲ ಓಡಿಸಲು ಗಂಟೆಗಟ್ಟಲೆ ಉರಿ ಬೇಕು. ಪಾಠದ ತಿರುಳು ಇದ್ದದ್ದೇ ಅಲ್ಲಿ.

ಸೂಕ್ಷ್ಮಬೋಧನೆಯ ಚಕ್ರದಲ್ಲಿ ನಾವು 6 ನಿಮಿಷ ಬೋಧಿಸಿ, 6 ನಿಮಿಷ ಹಿಮ್ಮಾಹಿತಿ ಪಡೆದು, 12 ನಿಮಿಷ ಮರುಯೋಜನೆ ಮಾಡಿ, ಮತ್ತೆ 6 ನಿಮಿಷ ಬೋಧಿಸಿ, 6 ನಿಮಿಷ ಹಿಮ್ಮಾಹಿತಿ ಪಡೆಯುತ್ತೇವೆ. 36 ನಿಮಿಷದ ಆ ಕ್ರಮವನ್ನು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ಅದರ ಅರ್ಥ ತಿಳಿದದ್ದು, ಇದೇ ಪಾಠವನ್ನು ಅದೇ ತರಗತಿಗೆ ಮತ್ತೆ ಮಾಡಲು ಅನುಮತಿ ಕೇಳಿದಾಗ.

ಒಂದು ವಿಷಯ ನನ್ನ ಕೈ ಹಿಡಿಯಿತು. ಫೋಟೋಸ್‌ನ ಪ್ರಾಜೆಕ್ಟಿನಲ್ಲಿ ಎಷ್ಟೇ ಕತ್ತರಿಸಿದರೂ ಮೂಲ ತುಣುಕು ಹಾಗೆಯೇ ಉಳಿಯುತ್ತದೆ; ನಾವು ಹೊರತೆಗೆಯುವ ವಿಡಿಯೊ ಬೇರೆಯದೇ ಕಡತ. ಹಾಗಾಗಿ 40 ಸೆಕೆಂಡು ಎಲ್ಲೂ ಹೋಗಿರಲಿಲ್ಲ. ಈ ಸಲ ಮಾವನನ್ನು ಕರೆದುಕೊಂಡು ಆ ಹುಡುಗನ ತಂದೆಯ ಬಳಿ ಹೋಗಿ, ತರಗತಿಯಲ್ಲಿ ತೋರಿಸಬಹುದೇ ಎಂದು ಕೇಳಿದೆ. ಮೊದಲ ಸಲ ಯಾರನ್ನೂ ಕೇಳಿರಲಿಲ್ಲ. ಮನೆಯ ವಿಡಿಯೊ ತಾನೇ ಎಂದುಕೊಂಡಿದ್ದೆ. ಅವರು ನಕ್ಕು, “ತೋರಸ್ರಿ, ಅದರಾಗ ಏನೈತಿ” ಎಂದರು. ಉರಿಯ ಬಗ್ಗೆ ಅರ್ಧ ಗಂಟೆ ಮಾತಾಡಿದರು.

ಎರಡನೆಯ ವಿಡಿಯೊ 5 ನಿಮಿಷದ್ದು. ಸಂಗೀತ ತೆಗೆದು ಕುದಿಯುವ ಸದ್ದನ್ನೇ ಉಳಿಸಿದೆ. ಒಂದೇ ಜಾಗದಿಂದ ಕಂಡ ಕಡಾಯಿಯ ಮೂರು ನೋಟಗಳನ್ನು ಆರಂಭ, ನಡು, ಕೊನೆ ಎಂದು ಜೋಡಿಸಿ, ನಡುವೆ ಗಡಿಯಾರದ ಹೊತ್ತು ಬರೆದ ಕಪ್ಪುಹಲಗೆಯ ಫೋಟೋ ಇಟ್ಟೆ. ಒಲೆಯ ತುಣುಕನ್ನು ಪೂರ್ತಿ ಬಿಟ್ಟೆ.

ಈ ಸಲ ನಡುನಡುವೆ ನಿಲ್ಲಿಸಿ ಕೇಳಿದೆ. ಕೇಳಿ ಕಾದೆ. ಶಿಕ್ಷಕರು ಪ್ರಶ್ನೆ ಕೇಳಿದ ಮೇಲೆ ಸರಾಸರಿ ಒಂದು ಸೆಕೆಂಡೂ ಕಾಯುವುದಿಲ್ಲ, 3 ಸೆಕೆಂಡು ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಹೆಚ್ಚು ಮಕ್ಕಳು ಮಾತಾಡುತ್ತಾರೆ ಎಂದು ಅಮೆರಿಕದ ಮೇರಿ ಬಡ್ ರೋವ್ ತರಗತಿಗಳ ಧ್ವನಿಮುದ್ರಣ ಪರಿಶೀಲಿಸಿ ತೋರಿಸಿದ್ದನ್ನು ಓದಿದ್ದೆವು. ಕಡಾಯಿಯಲ್ಲಿ ಮಟ್ಟ ಏಕೆ ಇಳಿಯಿತು ಎಂದು ಕೇಳಿ ಸುಮ್ಮನೆ ನಿಂತೆ. ಆ ಹುಡುಗ ಎದ್ದ.

“ಉರಿಗೆ ನೀರ ಹೋಗತೈತ್ರೀ. ಕಡೀಕ ಉರಿ ಕಡಿಮಿ ಮಾಡಬೇಕ್ರೀ, ಇಲ್ಲಾಂದ್ರ ಬೆಲ್ಲ ಸೀಯತೈತಿ.” ಪಾಕ ಬಂತೋ ಇಲ್ಲವೋ ಎಂದು ತಣ್ಣೀರಿನಲ್ಲಿ ಹನಿ ಬಿಟ್ಟು ಉಂಡೆ ಕಟ್ಟಿ ನೋಡುವುದನ್ನೂ ಅವನೇ ಹೇಳಿದ. ಇನ್ನೊಬ್ಬಳು, “ಹಂಗಾದ್ರ ಉಪ್ಪಿಗೂ ಉರಿ ಹಚ್ಚತಾರೇನ್ರೀ?” ಎಂದು ಕೇಳಿದಳು. ಬಿಸಿಲಿಗೆ ಮೆಲ್ಲಗೆ ಆವಿಯಾಗುವುದಕ್ಕೂ ಉರಿಯ ಮೇಲೆ ಕುದಿಯುವುದಕ್ಕೂ ಇರುವ ವ್ಯತ್ಯಾಸಕ್ಕೆ ಅವಳ ಪ್ರಶ್ನೆಯೇ ದಾರಿಯಾಯಿತು. ನನ್ನ ಪಾಠಯೋಜನೆಯಲ್ಲಿ ಅದು ಇರಲೇ ಇಲ್ಲ.

ನಮ್ಮೂರಿನ ಹೆಸರಿಗೆ ಸೇರಿರುವ ಕವಿ ರನ್ನ ಬಳೆಗಾರರ ಮನೆತನದವನು. ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ. ಸಾವಿರ ವರ್ಷ ಕಳೆದರೂ ಆ ಮನೆತನದ ಕಸುಬನ್ನು ಶಾಲೆಯಲ್ಲಿ ಹೇಳುತ್ತೇವೆ. ನನ್ನೆದುರು ಕುಳಿತ ಮಗುವಿನ ಮನೆಯ ಕಸುಬನ್ನು ಮಾತ್ರ ನಾನು “ಪಾಠಕ್ಕೆ ಬೇಕಾಗಿಲ್ಲ” ಎಂದಿದ್ದೆ.

ಈಗ ವಿಂಡೋಸ್ 11ರಲ್ಲಿ ಈ ಕೆಲಸಕ್ಕೆ ಕ್ಲಿಪ್‌ಚಾಂಪ್ ಬಂದಿದೆ. ಗುಂಡಿಗಳು ಬೇರೆ, ಕತ್ತರಿಸುವ ಕೆಲಸ ಅದೇ. ಟ್ರಿಮ್ ಒತ್ತುವ ಮುನ್ನ ನಾನೀಗ ಪಾಠಯೋಜನೆಯ ಅಂಚಿನಲ್ಲಿ ಎರಡು ಸಾಲು ಬರೆದುಕೊಳ್ಳುತ್ತೇನೆ: ಈ ಬದಲಾವಣೆಗೆ ಕಾರಣವಾದದ್ದು ಚಿತ್ರದಲ್ಲಿ ಇದೆಯೇ? ಈ ಕೆಲಸ ಮಾಡುವವರು ಇದ್ದಾರೆಯೇ? ಎರಡೂ ವಿಡಿಯೊಗಳನ್ನು ಒಂದೇ ಫೋಲ್ಡರಿನಲ್ಲಿ ಇಟ್ಟಿದ್ದೇನೆ. ಕಿರಿಯ ಪ್ರಶಿಕ್ಷಣಾರ್ಥಿಗಳು ಕೇಳಿದರೆ ಮೊದಲು 2 ನಿಮಿಷ 50 ಸೆಕೆಂಡಿನದನ್ನೇ ತೋರಿಸುತ್ತೇನೆ. ಏನು ಇಲ್ಲವೆಂದು ಅವರೇ ಹೇಳುವವರೆಗೆ ಕಾಯುತ್ತೇನೆ.